ಕಪಾಟಿನ ಕೆಳಗಿನ ಖಾನೆಯಲ್ಲಿರುವ ಚೀಲ

ಕಾಮರ್ಸ್ ವಿಭಾಗದ ಕಬ್ಬಿಣದ ಕಪಾಟಿನಲ್ಲಿ, ಕೆಳಗಿನ ಖಾನೆಯಲ್ಲಿ, ಹಳೇ ಇಂಟರ್ನಲ್ ಪೇಪರ್‌ಗಳ ಹಿಂದೆ ಒಂದು ಕೆಂಪು ಚೀಲ ಇರಬೇಕು. ಯಾರೂ ಎಸೆದಿರದಿದ್ದರೆ. ಅದು ನಮ್ಮ ಯಾಡಿ ಹೊಲಿದಿದ್ದು. ಯಾಡಿ ಅಂದರೆ ನಮ್ಮ ಲಂಬಾಣಿಗರ ಮಾತು ಗೋರಬೋಲಿಯಲ್ಲಿ ಅವ್ವ. ನಾನು ಈ ಕಾಲೇಜಿನಲ್ಲಿ ಬಿ.ಕಾಂ ಓದಿದ್ದು 2012ರಿಂದ 2015ರವರೆಗೆ. ವಿಜಯಪುರದಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿಯ ತಾಂಡಾದವಳು. ಕಾಲೇಜಿನ ಪತ್ರಿಕೆಗೆ ಏನಾದರೂ ಬರೆದುಕೊಡು ಅಂತ ಮೇಡಂ ಫೋನ್ ಮಾಡಿದ್ದರು, ನನಗೆ ಬರೆಯೋಕೆ ಇರೋದು ಈ ಚೀಲದ ಕತೆ ಒಂದೇ.

ಎರಡನೇ ವರ್ಷದಲ್ಲಿ ಎನ್ನೆಸ್ಸೆಸ್ ಕ್ಯಾಂಪು ನಮ್ಮ ತಾಂಡಾದಲ್ಲೇ ಆಯಿತು. ಏಳು ದಿನ. ನನ್ನ ಕ್ಲಾಸಿನವರೆಲ್ಲ ಬಂದು ನಮ್ಮ ಮನೆ ಮುಂದಿನ ಚರಂಡಿ ಸ್ವಚ್ಛ ಮಾಡೋದು ನೋಡಿ ನನಗೆ ಎಲ್ಲಾದರೂ ಓಡಿ ಹೋಗೋಣ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಆ ಕ್ಯಾಂಪಿಗೆ ನಮಗೆ ಕಾಸ್ಟಿಂಗ್, ಅಂದರೆ ಖರ್ಚಿನ ಲೆಕ್ಕ ಕಲಿಸೋ ಸರ್ ಕೂಡ ಬಂದಿದ್ದರು. ಅವರು ಚರಂಡಿ ಕಡೆ ಹೋಗಲಿಲ್ಲ. ಸೇವಾಲಾಲ್ ಗುಡಿ ಕಟ್ಟೆ ಮೇಲೆ ಕೂತು ಹೆಂಗಸರು ಕಸೂತಿ ಹಾಕೋದನ್ನ ನೋಡ್ತಾ ಕೂತರು.

ಅದಕ್ಕೂ ಹಿಂದಿನ ವರ್ಷ ಹೆಂಗಸರಿಗೆ ಒಂದು ದೊಡ್ಡ ಪೆಟ್ಟು ಬಿದ್ದಿತ್ತು. ದೊಡ್ಡ ಊರಿನ ಒಂದು ಕಂಪನಿಯವರು ಬಂದು, ಹೊಲಿಗೆ ಮಷಿನ್ ಕೊಟ್ಟು, ಫೋಟೋ ತೆಗೆಸಿಕೊಂಡು, 200 ಚೀಲಕ್ಕೆ ಆರ್ಡರ್ ಕೊಟ್ಟಿದ್ದರು. ಚೀಲ ಹೋದವು. ಅರವತ್ತು ವಾಪಸ್ ಬಂದವು, ಅಳತೆ ಸರಿ ಇಲ್ಲ ಅಂತ. ಅದರ ದುಡ್ಡು ಬರಲಿಲ್ಲ, ಫೋನೂ ಎತ್ತಲಿಲ್ಲ. ಅವರ ತಪ್ಪು ಇತ್ತು, ನಮ್ಮದೂ ಸ್ವಲ್ಪ ಇತ್ತು. ನಮ್ಮ ಹೆಂಗಸರು ಅಳೆಯೋದು ಗೇಣಿನಲ್ಲಿ. ಯಾಡಿಯ ಗೇಣೇ ಬೇರೆ, ಪಕ್ಕದ ಮನೆ ಕಾಕಿಯ ಗೇಣೇ ಬೇರೆ. ಟೇಪು ಹಿಡಿಯೋದು ಹೆಂಗೆ ಅಂತ ಆ ಕಂಪನಿಯವರು ಒಂದು ದಿನ ಕೂತು ಹೇಳಿಕೊಟ್ಟಿದ್ದರೆ ಸಾಕಿತ್ತು, ಅಲ್ವಾ?

ಕ್ಯಾಂಪು ಮುಗಿದು ಎಷ್ಟೋ ತಿಂಗಳಾದ ಮೇಲೆ, 2014ರ ಸೆಪ್ಟೆಂಬರಿನಲ್ಲಿ, ಸರ್ ನಮ್ಮ ಯಾಡಿ ಮತ್ತು ಇನ್ನೂ ಐದು ಜನರನ್ನ ಕಾಲೇಜಿಗೆ ಕರೆಸಿದರು. ನಮ್ಮ ಫೈನಲ್ ಇಯರ್ ಕ್ಲಾಸಿಗೇ. ಯಾಡಿ ಬೆಂಚಿನ ಮೇಲೆ ಕೂರಲಿಲ್ಲ, ಕೂರೋಕೆ ಬಿಡಿಸಿ ಹೇಳಬೇಕಾಯಿತು. ಸರ್ ಆ ಕೆಂಪು ಚೀಲ ಟೇಬಲ್ ಮೇಲಿಟ್ಟು ಕೇಳಿದರು, "ಅಕ್ಕಾರ, ಇದಕ್ಕ ಖರ್ಚ ಎಷ್ಟ ಬಂತು?"

ಬಟ್ಟೆ, ಲೈನಿಂಗು 45. ದಾರ 20. ಕನ್ನಡಿ, ಕವಡೆ, ಮಣಿ 15. ಜಿಪ್ಪು 10. ಒಟ್ಟು 90 ರೂಪಾಯಿ. ಮಾರಿದ್ದು 120ಕ್ಕೆ. "ಮೂವತ್ತ ರೂಪಾಯಿ ಉಳೀತ್ರಿ" ಅಂದಳು ಯಾಡಿ, ಖುಷಿಯಿಂದಲೇ.

"ಎಷ್ಟ ತಾಸು ಹಿಡೀತು?"

ಅದನ್ನ ಯಾರೂ ಲೆಕ್ಕ ಇಟ್ಟಿರಲಿಲ್ಲ. ರಾತ್ರಿ ಊಟ ಆದ ಮೇಲೆ ಎರಡೆರಡು ತಾಸು, ಆರು ದಿನ ಅಂತ ಕೊನೆಗೆ ಗೊತ್ತಾಯಿತು. ಹನ್ನೆರಡು ತಾಸು. ಆಗ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 191 ರೂಪಾಯಿ ಇತ್ತು. ಸರ್ ಎಂಟು ತಾಸಿಗೆ ಭಾಗಿಸಿ, ಹನ್ನೆರಡರಿಂದ ಗುಣಿಸಿ, ಬೋರ್ಡಿನ ಮೇಲೆ 286 ಅಂತ ಬರೆದರು. ಬಸ್ ಚಾರ್ಜು, ಕರೆಂಟು ಅಂತ 14 ಸೇರಿಸಿದರು. ಕೂಡಿಸಿದರೆ 390. ನಾವು ಪ್ರೈಮ್ ಕಾಸ್ಟು ಅಂದರೆ ನೇರ ಖರ್ಚು, ಓವರ್‌ಹೆಡ್ಡು ಅಂದರೆ ಮೇಲಿನ ಖರ್ಚು ಅಂತ ಉರು ಹೊಡೆದಿದ್ದು ಅಷ್ಟೂ ಆ ಬೋರ್ಡಿನ ಮೇಲೆ ಇತ್ತು, ಆದರೆ ಸರ್ ಆ ಎರಡು ಪದಗಳನ್ನ ಬಾಯಿಂದ ಆಡಲೇ ಇಲ್ಲ.

ಯಾಡಿ ಸ್ವಲ್ಪ ಹೊತ್ತು ಬೋರ್ಡು ನೋಡಿದಳು. ಅವಳಿಗೆ ಓದೋಕೆ ಬರಲ್ಲ, ಅಂಕಿ ಚೆನ್ನಾಗಿ ಗೊತ್ತು. "ಹಂಗಂದ್ರ ಸರ, ಚೀಲಕ್ಕೊಂದ ಇನ್ನೂರಾ ಎಪ್ಪತ್ತ ರೂಪಾಯಿ ನಾವ ಅವರಿಗೆ ಕೊಟ್ಟಂಗ ಆತಲ್ರಿ!"

ಕ್ಲಾಸಿನಲ್ಲಿ ಯಾರೂ ನಗಲಿಲ್ಲ.

ಆದರೆ 390ಕ್ಕೆ ಕೊಳ್ಳೋರು ಯಾರು? ಮುಂದಿನ ಎರಡು ತಿಂಗಳು ಶನಿವಾರ ಶನಿವಾರ ನಮ್ಮ ಕ್ಲಾಸಿಗೆ ಇದೇ ಕೆಲಸ. ಚೀಲದ ತುಂಬ ಕಸೂತಿ ಹಾಕೋ ಬದಲು ಮುಚ್ಚಳದ ಮೇಲೆ ಮಾತ್ರ ಹಾಕೋದು, ಉಳಿದದ್ದು ಮಷಿನ್ ಹೊಲಿಗೆ. ಹಾಗೆ ಮಾಡಿದರೆ ಕೈ ಕೆಲಸ ನಾಲ್ಕು ತಾಸಿಗೆ ಇಳೀತದೆ, ಚೀಲ 220ಕ್ಕೆ ಬೀಳ್ತದೆ. ಅದಕ್ಕೆ ಮಷಿನ್ ಚೆನ್ನಾಗಿ ಬರಬೇಕು, ಅಂದರೆ ತರಬೇತಿ ಬೇಕು. ಸರ್ ರುಡ್‌ಸೆಟ್ ಸಂಸ್ಥೆಯ ಬಗ್ಗೆ ಹೇಳಿದ್ದು ಆಗ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಮೂರೂ ಸೇರಿ ಶುರು ಮಾಡಿದ್ದು. ಪುಕ್ಕಟೆ ತರಬೇತಿ, ಆಮೇಲೆ ಸಾಲಕ್ಕೆ ಬ್ಯಾಂಕಿನ ದಾರಿ ತೋರಿಸೋದು, ಕಲಿತವರು ಏನು ಮಾಡ್ತಿದಾರೆ ಅಂತ ಆಗಾಗ ವಿಚಾರಿಸೋದು. ಮುಂದೆ ಇದನ್ನೇ ನೋಡಿ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ಇಂಥ ಕೇಂದ್ರ ತೆರೆದವು. ಸರ್‌ಗೆ ಹಿಡಿಸಿದ್ದು ಕಲಿತವರನ್ನ ಆಮೇಲೂ ವಿಚಾರಿಸೋ ಮಾತು. ಸರ್ಟಿಫಿಕೇಟು ಕೊಟ್ಟು ಕೈ ತೊಳ್ಕೊಳ್ಳೋದಲ್ಲ ಅಂತ ಎರಡು ಮೂರು ಸಲ ಹೇಳಿದರು.

ಇಷ್ಟೆಲ್ಲ ತಿಳಿದವರು ನಾವೇ ಒಂದು ದಡ್ಡತನ ಮಾಡಿದೆವು. ಪರೀಕ್ಷೆ ಮುಗಿದಿರುತ್ತದೆ, ಬಿಡುವು ಇರುತ್ತದೆ ಅಂತ ನಮ್ಮ ತಾಂಡಾದ ಮೊದಲ ತರಬೇತಿಯನ್ನ ಡಿಸೆಂಬರಿಗೆ ಇಟ್ಟೆವು. ಬಿಡುವು ನಮಗೆ, ತಾಂಡಾಕ್ಕಲ್ಲ! ದೀಪಾವಳಿ ಆದ ಕೂಡಲೇ ಕಬ್ಬು ಕಡಿಯೋ ಟೋಳಿಗಳು ಮಹಾರಾಷ್ಟ್ರದ ಫ್ಯಾಕ್ಟರಿಗಳ ಕಡೆ ಹೋಗ್ತವೆ. ಮುಂಗಡ ಮೊದಲೇ ತಿಂದಿರ್ತಾರೆ, ಗಂಡ ಹೆಂಡತಿ ಇಬ್ಬರೂ ಹೋಗಲೇಬೇಕು. ತಾಂಡಾದಲ್ಲಿ ಉಳಿಯೋದು ಮುದುಕರು, ಸಣ್ಣ ಮಕ್ಕಳು. ಇದು ನನಗೆ ಗೊತ್ತಿತ್ತು, ನನ್ನ ಮನೆಯವರೇ ಹೋಗ್ತಿದ್ದರು. ಆದರೂ ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ. ಯಾಕೆ ಅಂತ ಇವತ್ತಿಗೂ ಸರಿಯಾಗಿ ಹೇಳೋಕೆ ಬರಲ್ಲ. ಕಬ್ಬು ಕಡಿಯೋರ ಮಗಳು ಅಂತ ಅನ್ನಿಸಿಕೊಳ್ಳೋಕೆ ಮನಸ್ಸಿರಲಿಲ್ಲವೇನೋ. ಮೊದಲ ದಿನ ಬಂದವರು ನಾಲ್ಕು ಜನ ಅಜ್ಜಿಯರು. ಮಷಿನ್ನಿನ ಸೂಜಿಗೆ ದಾರ ಪೋಣಿಸೋಕೂ ಕಣ್ಣು ಕಾಣಲ್ಲ.

ಎರಡನೇ ಸಲ ದಿನ ಗೊತ್ತು ಮಾಡಿದ್ದು ತಾಂಡಾದ ಹೆಂಗಸರೇ. ಯುಗಾದಿ ಆದ ಮೇಲೆ, ಟೋಳಿಗಳೆಲ್ಲ ತಿರುಗಿ ಬಂದ ಮೇಲೆ, ಬಿತ್ತನೆ ಶುರು ಆಗೋಕೆ ಮುಂಚೆ. ಪಟ್ಟಣಕ್ಕೆ ಬಂದು ಇರೋಕೆ ಆಗಲ್ಲ, ಮಕ್ಕಳನ್ನ ಯಾರು ನೋಡ್ತಾರೆ, ನೀವೇ ಇಲ್ಲಿಗೆ ಬರ್ರಿ ಅಂದರು. ಹಾಗಾಗಿ ನಮ್ಮ ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ, ಗುಡಿ ಮುಂದಿನ ತಗಡಿನ ಶೆಡ್ಡಿನಲ್ಲಿ, ಬೆಳಿಗ್ಗೆ ಆರರಿಂದ ಹತ್ತರವರೆಗೆ ಕ್ಲಾಸು. ಟೇಪು ಹಿಡಿಯೋದು ಮೊದಲ ದಿನದ ಪಾಠ.

ಬಣ್ಣದ ಜಗಳ ಒಂದು ಹೇಳಲೇಬೇಕು. ಡಿಸೈನ್ ಹೇಳಿಕೊಡೋಕೆ ಬಂದ ಹುಡುಗಿ ಬೂದು ಬಣ್ಣ, ಹಾಲಿನ ಕೆನೆ ಬಣ್ಣ ಹಾಕಿ, ಶಹರದವರಿಗೆ ಅದೇ ಬೇಕು ಅಂದಳು. ನಮ್ಮ ಅಜ್ಜಿ, ಇವತ್ತಿಗೂ ನಮ್ಮವರ ಲಂಗ ರವಿಕೆ, ಪೇಟಿಯಾ ಕಾಂಚಳಿ ಬಿಟ್ಟವಳಲ್ಲ, ಆ ಬಟ್ಟೆ ಎತ್ತಿ ನೋಡಿ "ಇದು ಒಗದ ಮ್ಯಾಲ ಹಿಂಗಾತೋ, ಮೊದಲಽ ಹಿಂಗ ಇತ್ತೋ" ಅಂದಳು. ಕೊನೆಗೆ ಒಪ್ಪಂದ ಏನಾಯಿತು ಅಂದರೆ, ಬಟ್ಟೆ ನಿಮ್ಮ ಬಣ್ಣದ್ದು, ದಾರ ನಮ್ಮದು. ಅಜ್ಜಿಗೆ ವ್ಯಾಪಾರ ಹೊಸದಲ್ಲ ಬಿಡಿ. ನಮ್ಮ ಹಿರಿಯರು ಎತ್ತಿನ ಮೇಲೆ ಉಪ್ಪು, ದವಸ ಹೇರಿಕೊಂಡು ಮೊಗಲರ ದಂಡಿಗೂ ಸಾಗಿಸಿದವರು. ರೈಲು ಬಂತು, ಆ ಧಂದೆ ಹೋಯಿತು.

ಬ್ಯಾಂಕಿನದು ಇನ್ನೊಂದು ರಾಮಾಯಣ. ಒಬ್ಬೊಬ್ಬರಿಗೆ ಸಾಲ ಅಂದರೆ ಮನೆ ಕಾಗದ ಕೇಳ್ತಾರೆ, ನಮ್ಮ ತಾಂಡಾದ ಮನೆಗಳಿಗೆ ಕಾಗದವೇ ಇರಲಿಲ್ಲ. ಹೆಂಗಸರ ಸಂಘದ ಹೆಸರಲ್ಲಿ ತಗೊಂಡರೆ ಅಡವು ಬೇಡ, ಎಲ್ಲರೂ ಸೇರಿ ಜವಾಬ್ದಾರಿ. ಹಾಗೇ ಆಯಿತು. ಮನೆಗಳ ವಿಷಯ ಬಹಳ ವರ್ಷ ಹಾಗೇ ಉಳಿದಿತ್ತು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐದು ಜಿಲ್ಲೆಗಳ 50,000ಕ್ಕೂ ಜಾಸ್ತಿ ಲಂಬಾಣಿ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರಲ್ಲ, ಆ ಐದರಲ್ಲಿ ವಿಜಯಪುರವೂ ಇತ್ತು. ಆ ದಿನ ನಾನು ಸರ್‌ಗೆ ಫೋನ್ ಮಾಡಿದ್ದೆ. ರಿಟೈರ್ ಆಗಿದ್ದರು. ಮೊದಲ ಪ್ರಶ್ನೆ, "ಹಕ್ಕುಪತ್ರ ಯಾರ ಹೆಸರಲ್ಲಿ ಕೊಟ್ಟಾರ, ಹೆಂಗಸರ ಹೆಸರೂ ಅದ ಇಲ್ಲೋ?"

ಎಲ್ಲ ಸರಿ ಹೋಯಿತು ಅಂತ ಬರೆದರೆ ಯಾಡಿ ಬೈತಾಳೆ. ತರಬೇತಿಗೆ ಬಂದ 22 ಜನರಲ್ಲಿ ಮುಂದಿನ ವರ್ಷ ಕಬ್ಬಿಗೆ ಹೋಗದೆ ಉಳಿದವರು ಒಂಬತ್ತು ಜನ. ಸಿದ್ಧೇಶ್ವರ ಜಾತ್ರೆಯ ಅಂಗಡಿಯಲ್ಲಿ ಚೆನ್ನಾಗಿ ಮಾರಾಟ ಆಯಿತು, ಗೋಳಗುಮ್ಮಟದ ಹತ್ತಿರ ಇಟ್ಟಾಗ ಚೌಕಾಶಿಯೇ ಜಾಸ್ತಿ. ಒಬ್ಬರು ಸಂಡೂರು ಕಸೂತಿ ಅಂತ ಚೀಟಿ ಹಚ್ಚಿ, ಬೇಗ ಹೋಗ್ತವೆ ಅಂದರು. ಹಾಗೆ ಹಚ್ಚೋಕೆ ಬರಲ್ಲ. ಸಂಡೂರು ಲಂಬಾಣಿ ಕಸೂತಿಗೆ ಜಿಐ, ಅಂದರೆ ಊರಿನ ಹೆಸರಿನ ಸರಕಾರಿ ಗುರುತು ಇದೆ, ಆ ಹೆಸರು ಆ ಊರಿನದು. ಹೊಲಿಗೆ ಒಂದೇ, ಕಿಲನ್ನು, ಮಾಕಿ ಎಲ್ಲ ನಮ್ಮಲ್ಲೂ ಇದಾವೆ. ನಮ್ಮ ಇಳಕಲ್ ಸೀರೆ ಹೆಸರು ಬೇರೆಯವರು ಹಚ್ಚಿದರೆ ಸುಮ್ನೆ ಇರ್ತೀವಾ ನಾವು?

2023ರ ಜುಲೈಯಲ್ಲಿ ಹಂಪಿಯ ಜಿ20 ಸಭೆಯಲ್ಲಿ ಸಂಡೂರಿನ ಹೆಂಗಸರು ಮಾಡಿದ 1,755 ಕಸೂತಿಗಳನ್ನ ಒಂದೇ ಕಡೆ ಇಟ್ಟು ಗಿನ್ನೆಸ್ ದಾಖಲೆ ಆಯಿತು. ಮೊಬೈಲಿನಲ್ಲಿ ಆ ಫೋಟೋ ತೋರಿಸಿದೆ. ಯಾಡಿ ದೊಡ್ಡದು ಮಾಡಿ ಮಾಡಿ ನೋಡಿದಳು. ಆಮೇಲೆ ಕೇಳಿದ್ದು, "ಒಂದಕ್ಕ ಎಷ್ಟ ತಾಸ ಹಿಡದಿತ್ತಂತ?"

ಈಗ ವಿಭಾಗದಲ್ಲಿ ಯಾರಿದೀರೋ ಗೊತ್ತಿಲ್ಲ. ಕಪಾಟು ತೆಗೆದರೆ ಆ ಚೀಲ ಒಂದು ಸಲ ನೋಡಿ. ಅದರ ಜಿಪ್ಪು ಆಗಲೇ ಸಿಕ್ಕಿಕೊಳ್ತಿತ್ತು. ಹೋಗೋರ ಕೈಯಲ್ಲಿ ತಾಂಡಾಕ್ಕೆ ಕಳಿಸಿಕೊಟ್ಟರೆ ಹೊಸದು ಹಾಕಿ ಕೊಡ್ತೀನಿ ಅಂತ ಯಾಡಿ ಹೇಳಿದಾಳೆ. ಜಿಪ್ಪಿನ ದುಡ್ಡು, ಅರ್ಧ ತಾಸಿನ ಕೂಲಿ ಕಾಲೇಜಿನವರೇ ಕೊಡಬೇಕಂತೆ.