ಒಗನೆಸನ್-294ರ ಅರ್ಧಾಯುಷ್ಯ: ಲೆಕ್ಕ ಎಲ್ಲಿಗೆ ಬಂತು

ಮಳೆಗಾಲಕ್ಕೆ ಮಡಿಕೇರಿಯಲ್ಲಿ ತೋಟದ ಕೆಲಸ ಕಡಿಮೆ. ಆ ಹೊತ್ತಿನಲ್ಲಿ ಹಿಡಿದ ಒಗನೆಸನ್-294ರ ಅರ್ಧಾಯುಷ್ಯದ (ಅರ್ಧದಷ್ಟು ಪರಮಾಣುಗಳು ಕ್ಷಯಿಸಲು ಹಿಡಿಯುವ ಸಮಯದ) ಲೆಕ್ಕ ಈಗ ಒಂದು ಹಂತಕ್ಕೆ ಬಂದಿದೆ. ಒಗನೆಸನ್ 118ನೇ ಧಾತು; 294 ಅಂದರೆ ಅದರ ಪ್ರೋಟಾನ್, ನ್ಯೂಟ್ರಾನ್‌ಗಳ ಒಟ್ಟು ಸಂಖ್ಯೆ. ರಷ್ಯಾದ ಡುಬ್ನಾದಲ್ಲಿ ಕ್ಯಾಲಿಫೋರ್ನಿಯಂ-249ಕ್ಕೆ ಕ್ಯಾಲ್ಸಿಯಂ-48 ಹೊಡೆದು ಮಾಡಿದ್ದು. ಸಿಕ್ಕಿದ್ದು ಬೆರಳೆಣಿಕೆಯ ಪರಮಾಣುಗಳು.

ಮೊದಲು ವಯೋಲಾ-ಸೀಬೋರ್ಗ್ ಸೂತ್ರ ಹಿಡಿದೆ; ಆಲ್ಫಾ ಕಣ (ಎರಡು ಪ್ರೋಟಾನ್, ಎರಡು ನ್ಯೂಟ್ರಾನ್‌ಗಳ ಗಂಟು) ಬಿಟ್ಟು ಕ್ಷಯಿಸುವ ನ್ಯೂಕ್ಲಿಯಸ್‌ನ ಅರ್ಧಾಯುಷ್ಯ ಅಂದಾಜಿಸುವ ಸೂತ್ರ ಅದು. ಅದಕ್ಕೆ ಬೇಕಾದ್ದು ಎರಡೇ: ಪ್ರೋಟಾನ್ ಸಂಖ್ಯೆ, ಆಲ್ಫಾ ಹೊರಬೀಳುವಾಗ ಸಿಗುವ ಶಕ್ತಿ. ಈ ಶಕ್ತಿಗೆ ಕ್ಯೂ ಅನ್ನುತ್ತಾರೆ. ಪರೀಕ್ಷೆಗೆ ಥೋರಿಯಂ-232 ಹಾಕಿದೆ, ಕ್ಯೂ 4.08 ಎಂಇವಿ (ನ್ಯೂಕ್ಲಿಯಸ್ ಲೆಕ್ಕದಲ್ಲಿ ಶಕ್ತಿಯ ಮಾನ). ಸುಮಾರು 1,600 ಕೋಟಿ ವರ್ಷ ಬಂತು. ನಿಜವಾದದ್ದು 1,400 ಕೋಟಿ. ಆಮೇಲೆ ಒಗನೆಸನ್‌ಗೆ 11.8 ಕೊಟ್ಟೆ. 0.67 ಮಿಲಿಸೆಕೆಂಡ್! ಅಳೆದದ್ದು ಸುಮಾರು 0.7. ಇಷ್ಟು ದೂರದ ಎರಡು ತುದಿಗಳನ್ನು ಒಂದೇ ಸೂತ್ರ ಹಿಡಿದದ್ದು ನೋಡಿ ರಾತ್ರಿ ನಿದ್ದೆ ಬರಲಿಲ್ಲ.

ಒಗನೆಸನ್ ಆಲ್ಫಾ ಬಿಟ್ಟ ಮೇಲೆ ಉಳಿಯುವ ಲಿವರ್ಮೋರಿಯಂ-290ಕ್ಕೆ ಅಳೆದದ್ದರ ಸುಮಾರು ಎರಡು ಪಟ್ಟು ಬಂತು. ಅದೇ ಸರಪಳಿಯಲ್ಲಿ ಮುಂದೆ ಬರುವ ಕೋಪರ್ನಿಸಿಯಂ-282 ಆಲ್ಫಾ ಬಿಡದೆ ತಾನೇ ಒಡೆಯುತ್ತದೆ, ಅಲ್ಲಿ ಈ ಸೂತ್ರಕ್ಕೆ ಕೆಲಸವಿಲ್ಲ.

ಸುಮ್ನೆ ಕ್ಯೂ ಅನ್ನು 12.3ಕ್ಕೆ ಏರಿಸಿ ನೋಡಿದೆ. ಅರ್ಧಾಯುಷ್ಯ 0.05 ಮಿಲಿಸೆಕೆಂಡ್‌ಗೆ ಇಳಿಯಿತು. ಅರ್ಧ ಎಂಇವಿಗೆ ಹದಿಮೂರು ಪಟ್ಟು! ಬಿಎಸ್ಸಿ ಓದುವ ಅಣ್ಣನ ಮಗಳು ಪಕ್ಕದಲ್ಲೇ ಇದ್ದಳು. "ಚಿಕ್ಕಪ್ಪ, ಹಾಗಾದ್ರೆ ಕಷ್ಟ ಇರೋದು ದ್ರವ್ಯರಾಶಿಯಲ್ಲಿ ಅಲ್ವಾ?" ಅಂದಳು. ಹೌದು, ಇಡೀ ವಿಷಯ ಅಲ್ಲೇ ಇದೆ: ಕ್ಷಯದ ಮೊದಲಿನ ಮತ್ತು ನಂತರದ ರಾಶಿಗಳ ವ್ಯತ್ಯಾಸವೇ ಕ್ಯೂ. ಈ ನ್ಯೂಕ್ಲಿಯಸ್‌ನ ಒಟ್ಟು ರಾಶಿ ಶಕ್ತಿಯ ಲೆಕ್ಕದಲ್ಲಿ ಸುಮಾರು 2.74 ಲಕ್ಷ ಎಂಇವಿ. ಅದರಲ್ಲಿ ಅರ್ಧ ಎಂಇವಿ ಆಚೀಚೆ ಆದರೂ ಉತ್ತರವೇ ಬದಲಾಗುತ್ತದೆ.

ಸೂತ್ರ ಬಿಟ್ಟು ಟನಲಿಂಗ್ (ಏರಿ ದಾಟಲು ಶಕ್ತಿ ಸಾಲದ ತಡೆಯನ್ನು ಕಣ ತೂರಿ ಹೋಗುವುದು) ಲೆಕ್ಕವನ್ನೂ ಪೈಥಾನ್‌ನಲ್ಲಿ ಬರೆಯುತ್ತಿದ್ದೇನೆ. 1928ರಲ್ಲಿ ಭೌತವಿಜ್ಞಾನಿ ಗ್ಯಾಮೋ ತೋರಿಸಿದ ದಾರಿ ಅದು. ಆಲ್ಫಾ ದಾಟಬೇಕಾದ ತಡೆ ಸುಮಾರು 10 ಫೆಮ್ಟೋಮೀಟರ್‌ನಿಂದ 28ರವರೆಗೆ ಚಾಚಿದೆ. ಕರೆಂಟ್ ಹೋದರೂ ಕೆಲಸ ಹಾಳಾಗದಂತೆ ಪ್ರತಿ ಉತ್ತರವೂ ಕೂಡಲೇ ಫೈಲ್‌ಗೆ ಹೋಗುತ್ತದೆ.

ಆದರೆ ರಾಶಿಗೆ ದ್ರವಹನಿ ಮಾದರಿ (ನ್ಯೂಕ್ಲಿಯಸ್ ಅನ್ನು ಒಂದು ದ್ರವದ ಹನಿಯಂತೆ ನೋಡುವ ಲೆಕ್ಕ) ಸಾಲದು. ಅದೊಂದನ್ನೇ ನಂಬಿದರೆ ಇಷ್ಟು ಭಾರದ ನ್ಯೂಕ್ಲಿಯಸ್ ಹುಟ್ಟಿದ ಕೂಡಲೇ ಒಡೆಯಬೇಕು. ಅದನ್ನು ಹಿಡಿದಿಟ್ಟಿರುವುದು ಶೆಲ್ ರಚನೆ, ಅಂದರೆ ಪ್ರೋಟಾನ್, ನ್ಯೂಟ್ರಾನ್‌ಗಳು ಶಕ್ತಿಯ ಮಟ್ಟಗಳಲ್ಲಿ ತುಂಬಿಕೊಳ್ಳುವ ರೀತಿ. ಫ್ಲೆರೋವಿಯಂನಲ್ಲಿ ಇದು ಚೆನ್ನಾಗಿ ಕಾಣುತ್ತದೆ: ಫ್ಲೆರೋವಿಯಂ-286ರ ಅರ್ಧಾಯುಷ್ಯ ಒಂದು ಸೆಕೆಂಡಿನ ಸುಮಾರು ಎಂಟನೇ ಒಂದು ಭಾಗವಾದರೆ, ಫ್ಲೆರೋವಿಯಂ-289ರದ್ದು ಎರಡು ಸೆಕೆಂಡಿನಷ್ಟು. ಹಲವು ಮಾದರಿಗಳು ಮುಂದಿನ ಮ್ಯಾಜಿಕ್ (ಶೆಲ್ ಪೂರ್ತಿ ತುಂಬುವ) ನ್ಯೂಟ್ರಾನ್ ಸಂಖ್ಯೆ 184 ಎನ್ನುತ್ತವೆ. 289ರಲ್ಲಿರುವುದು 175.

ಈಗ ದ್ರವಹನಿಯ ಲೆಕ್ಕಕ್ಕೆ ಶೆಲ್‌ಗಳ ಪರಿಣಾಮ ಸೇರಿಸುವ ಸ್ಟ್ರುಟಿನ್‌ಸ್ಕಿ ತಿದ್ದುಪಡಿ ಸೇರಿಸಬೇಕು. ಅದಕ್ಕೆ ನಿಲ್ಸನ್ ಮಟ್ಟಗಳ (ಉರುಟು ತಪ್ಪಿದ ನ್ಯೂಕ್ಲಿಯಸ್‌ನಲ್ಲೂ ಕಣಗಳ ಶಕ್ತಿಯ ಮಟ್ಟಗಳನ್ನು ಕೊಡುವ ಮಾದರಿ) ಕೋಡ್ ಶುರು ಮಾಡಿದ್ದೇನೆ. ಸೀಸ-208ರಲ್ಲಿ 82 ಪ್ರೋಟಾನ್ ಮತ್ತು 126 ನ್ಯೂಟ್ರಾನ್ ತುಂಬಿದ ಮೇಲೆ ಮಟ್ಟಗಳ ನಡುವೆ ಬರುವ ದೊಡ್ಡ ಅಂತರಗಳು ಸರಿಯಾಗಿ ಬಂದ ಮೇಲಷ್ಟೇ ಫ್ಲೆರೋವಿಯಂಗೆ ಕೈಹಾಕುತ್ತೇನೆ.