ಬಾಯ್ಲರಿಗಿಂತ ಮೊದಲು ನೋಡಬೇಕಾದದ್ದು

ಕಾರ್ಖಾನೆಯ ಇಂಧನ ವೆಚ್ಚವನ್ನು ತಗ್ಗಿಸುವ ಮಾತು ಬಂದಾಗಲೆಲ್ಲ ಚರ್ಚೆ ನೇರವಾಗಿ ಬಾಯ್ಲರ್ ಮನೆಗೆ ಹೋಗುತ್ತದೆ. ಚಿಮಣಿಯ ಹೊಗೆಯ ಉಷ್ಣಾಂಶವನ್ನು ಸುಮಾರು 22 ಡಿಗ್ರಿ ಸೆಲ್ಸಿಯಸ್ ಇಳಿಸಿದರೆ ದಕ್ಷತೆ ಶೇಕಡಾ 1ರಷ್ಟು ಏರುತ್ತದೆ ಎಂಬ ಲೆಕ್ಕವೇನೋ ಸರಿಯೇ. ಆದರೆ ಪ್ರಕ್ರಿಯೆ ಕೇಳುತ್ತಿರುವಷ್ಟು ಹಬೆ ಅದಕ್ಕೆ ನಿಜವಾಗಿ ಬೇಕೇ ಎಂಬುದು ಮೊದಲು ಇತ್ಯರ್ಥವಾಗಬೇಕು. ಆದ್ದರಿಂದ ವಿನ್ಯಾಸವು ರಾಸಾಯನಿಕ ಕ್ರಿಯೆ ನಡೆಯುವ ರಿಯಾಕ್ಟರಿನಿಂದ ಆರಂಭವಾಗಿ, ಬೇರ್ಪಡಿಸುವ ಘಟಕಗಳನ್ನೂ ಒಂದು ಹರಿವಿನ ಶಾಖವನ್ನು ಇನ್ನೊಂದಕ್ಕೆ ದಾಟಿಸುವ ಹೀಟ್ ಎಕ್ಸ್‌ಚೇಂಜರುಗಳ ಜಾಲವನ್ನೂ ದಾಟಿ, ಕೊನೆಯಲ್ಲಿ ಮಾತ್ರ ಹಬೆ, ತಣಿಸುವ ನೀರು, ವಿದ್ಯುತ್ ಮುಂತಾದ ಯುಟಿಲಿಟಿಗಳಿಗೆ ಬರುವುದು ಸೂಕ್ತವೆಂದು ನಾನು ಭಾವಿಸುತ್ತೇನೆ.

1970ರ ದಶಕದ ಕೊನೆಯ ಭಾಗದಲ್ಲಿ ಬೋಡೋ ಲಿನ್‌ಹಾಫ್ ಮತ್ತು ಅವರ ಸಹೋದ್ಯೋಗಿಗಳು ಬೆಳೆಸಿದ ಪಿಂಚ್ ವಿಶ್ಲೇಷಣೆಯು ಈ ಕ್ರಮಕ್ಕೆ ಗಟ್ಟಿಯಾದ ಆಧಾರ ಒದಗಿಸಿತು. ಉಷ್ಣಾಂಶ ಮತ್ತು ಶಾಖದ ನಕ್ಷೆಯಲ್ಲಿ ತಣಿಸಬೇಕಾದ ಹರಿವುಗಳೆಲ್ಲವನ್ನೂ ಸೇರಿಸಿ ಒಂದು ರೇಖೆ, ಕಾಯಿಸಬೇಕಾದವುಗಳನ್ನು ಸೇರಿಸಿ ಇನ್ನೊಂದು ರೇಖೆ ಎಳೆದರೆ, ಅವೆರಡೂ ತೀರ ಹತ್ತಿರ ಬರುವ ಉಷ್ಣಾಂಶವೇ ಪಿಂಚ್. ಅದರ ಮೇಲ್ಭಾಗದಲ್ಲಿ ಶಾಖದ ಕೊರತೆ, ಕೆಳಭಾಗದಲ್ಲಿ ಶಾಖದ ಹೆಚ್ಚುವರಿ. ಯಾವುದೋ ಎಕ್ಸ್‌ಚೇಂಜರು 100 ಕಿಲೋವ್ಯಾಟ್ ಶಾಖವನ್ನು ಮೇಲಿನಿಂದ ಕೆಳಕ್ಕೆ ದಾಟಿಸಿದರೆ, ಆ ಕೊರತೆ ತುಂಬಲು ಬಾಯ್ಲರು 100 ಕಿಲೋವ್ಯಾಟ್ ಹೆಚ್ಚು ಕೊಡಬೇಕು, ಕೂಲಿಂಗ್ ಟವರು ಅಷ್ಟನ್ನೇ ಹೆಚ್ಚಾಗಿ ಹೊರಹಾಕಬೇಕು. ಒಂದೇ ತಪ್ಪಿಗೆ ಎರಡು ಕಡೆ ದಂಡ! ಎರಡು ರೇಖೆಗಳ ನಡುವೆ ಉಳಿಸುವ ಕನಿಷ್ಠ ಉಷ್ಣಾಂಶದ ಅಂತರ ಕಿರಿದಾದಷ್ಟೂ ಇಂಧನ ಉಳಿಯುತ್ತದೆ, ಎಕ್ಸ್‌ಚೇಂಜರಿನ ವಿಸ್ತೀರ್ಣ ಮತ್ತು ಬೆಲೆ ಏರುತ್ತವೆ. ಹಿಂದಿನ ಕಡತದಲ್ಲಿತ್ತೆಂಬ ಒಂದೇ ಕಾರಣಕ್ಕೆ 10 ಡಿಗ್ರಿ ಎಂದು ಬರೆದು ಮುಂದೆ ಸಾಗುವ ರೂಢಿ ನನಗೆ ಒಪ್ಪಿಗೆಯಾಗುವುದಿಲ್ಲ; ಇಂಧನದ ದರ ಬದಲಾದರೆ ಈ ಅಂತರವನ್ನೂ ಮತ್ತೆ ಲೆಕ್ಕ ಹಾಕಬೇಕು.

ಇಷ್ಟಾದ ಬಳಿಕ ಯುಟಿಲಿಟಿಗಳತ್ತ ನೋಡಬಹುದು. ಹಬೆ ತಣಿದು ನೀರಾದ ಕಂಡೆನ್ಸೇಟನ್ನು ಮರಳಿ ತಂದು ಬಾಯ್ಲರಿನ ಪೂರೈಕೆ ನೀರನ್ನು ಸುಮಾರು 6 ಡಿಗ್ರಿ ಬಿಸಿಯಾಗಿಸಿದರೆ ಶೇಕಡಾ 1ರಷ್ಟು ಇಂಧನ ಉಳಿಯುತ್ತದೆ. ಘರ್ಷಣೆಯೇ ಪ್ರಧಾನವಾಗಿರುವ ಕೊಳವೆ ಜಾಲದಲ್ಲಿ ವಾಲ್ವ್ ಬಿಗಿಮಾಡಿ ಹರಿವನ್ನು ತಗ್ಗಿಸುವ ಬದಲು ಪಂಪಿನ ವೇಗವನ್ನು ಶೇಕಡಾ 80ಕ್ಕೆ ಇಳಿಸಿದರೆ, ಶಕ್ತಿಯ ಅಗತ್ಯವು ವೇಗದ ಘನಕ್ಕೆ ಅನುಗುಣವಾಗಿ ಬದಲಾಗುತ್ತದೆಂಬ ಘನ ನಿಯಮದಂತೆ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ.

ಈಗ ವಿದ್ಯುತ್ ಬಳಸಿ ಕಡಿಮೆ ಉಷ್ಣಾಂಶದ ಶಾಖವನ್ನು ಹೆಚ್ಚಿನ ಉಷ್ಣಾಂಶಕ್ಕೆ ಎತ್ತಿಕೊಡುವ ಹೀಟ್ ಪಂಪುಗಳ ಕುರಿತು ಉತ್ಸಾಹ ಹೆಚ್ಚಿದೆ, ಅದು ನನಗೂ ಇದೆ. ಆದರೆ ಹೀಟ್ ಪಂಪು ಪಿಂಚಿನ ಕೆಳಗಿನ ಹೆಚ್ಚುವರಿ ಶಾಖವನ್ನು ಎತ್ತಿ ಮೇಲಕ್ಕೆ ಕೊಟ್ಟಾಗ ಮಾತ್ರ ನಿಜವಾದ ಉಳಿತಾಯವಾಗುತ್ತದೆ. ಪೂರ್ತಿಯಾಗಿ ಮೇಲ್ಭಾಗದಲ್ಲೇ ಜೋಡಿಸಿದರೆ ಅದು ದುಬಾರಿಯಾದ ವಿದ್ಯುತ್ ಹೀಟರ್ ಅಷ್ಟೇ; ಪೂರ್ತಿಯಾಗಿ ಕೆಳಭಾಗದಲ್ಲಿಟ್ಟರೆ ಅದು ಬಳಸಿದ ವಿದ್ಯುತ್ತೆಲ್ಲವೂ ಶಾಖವಾಗಿ ಕೂಲಿಂಗ್ ಟವರಿನ ಹೊರೆಯನ್ನೇ ಹೆಚ್ಚಿಸುತ್ತದೆ.