ಮನೆ ಕಟ್ಟುವ ದಿನಚರಿ, ಆರನೇ ಕಂತು: ಮೋಲ್ಡ್ ಹಾಕಿದ್ದು, ಭರಣಿ ಮಳೆ ಬಂದಿದ್ದು

ಹೋದ ಕಂತು ಬರೆದಾಗ ಗೋಡೆ ಲಿಂಟಲ್ ಮಟ್ಟಕ್ಕೆ, ಅಂದರೆ ಬಾಗಿಲು ಕಿಟಕಿಯ ಮೇಲಂಚಿಗೆ, ಬಂದಿತ್ತು. ಈಗ ಮೋಲ್ಡ್, ಅಂದರೆ ಚಾವಣಿಯ ಕಾಂಕ್ರೀಟ್ ಸ್ಲ್ಯಾಬ್, ಹಾಕಿ ಹದಿನೈದು ದಿನ. ನಡುವೆ ಬರೆಯಲು ಪುರುಸೊತ್ತೇ ಆಗಲಿಲ್ಲ, ಹಾಗಾಗಿ ಎಲ್ಲ ಒಟ್ಟಿಗೆ ಬರೆಯುತ್ತಿದ್ದೇನೆ.

ಹೊಸದಾಗಿ ಓದುವವರಿಗೆ ಎರಡು ಮಾತು. ಮೂಡಿಗೆರೆ ತಾಲ್ಲೂಕಿನಲ್ಲಿ, ನಮ್ಮ ಕಾಫಿ ತೋಟದ ಅಂಚಿಗೆ 900 ಚದರಡಿಯ ಮನೆ ಕಟ್ಟುತ್ತಿದ್ದೇವೆ. ಡ್ರಾಯಿಂಗ್ ಮಾಡಿಕೊಟ್ಟ ಎಂಜಿನಿಯರ್ ಚಿಕ್ಕಮಗಳೂರಿನವರು, ಮುಖ್ಯ ಹಂತಗಳಿಗೆ ಬಂದು ನೋಡಿ ಹೋಗುತ್ತಾರೆ. ದಿನಾ ನಿಂತು ಕೆಲಸ ನೋಡುವವಳು ನಾನು. ಹೈಸ್ಕೂಲಿನಲ್ಲಿ ಗಣಿತ ಟೀಚರ್. ಬೇಸಿಗೆ ರಜೆ ಇರುವಾಗಲೇ ಮೋಲ್ಡ್ ಆಗಬೇಕು ಅಂತ ಮೊದಲೇ ತೀರ್ಮಾನ ಮಾಡಿದ್ದೆ.

ನಮ್ಮ ಕಡೆ ಮನೆ ಕಟ್ಟುವವರು ಮಳೆಗಾಲದಿಂದ ಹಿಂದಕ್ಕೆ ದಿನ ಎಣಿಸಬೇಕು. ಜೂನ್ ಮೊದಲ ವಾರ ಕಳೆದು ಮೃಗಶಿರ ಹಿಡಿದರೆ ಹೊರಗಿನ ಕೆಲಸ ಸಾಗುವುದಿಲ್ಲ. ಅಷ್ಟರೊಳಗೆ ಮೋಲ್ಡ್ ಮೇಲೆ ಟ್ರಸ್ (ಹೆಂಚು ಹೊರುವ ಚೌಕಟ್ಟು) ನಿಂತು ಹೆಂಚು ಕೂತಿರಬೇಕು. ಅದಕ್ಕೆ ಮೋಲ್ಡ್ ಏಪ್ರಿಲ್‌ನಲ್ಲೇ ಆಗಬೇಕು, ಅದಕ್ಕೆ ಗೋಡೆ ಮಾರ್ಚ್‌ನಲ್ಲಿ ಏಳಬೇಕು. ಆದರೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು, ಆಳುಗಳೆಲ್ಲ ತೋಟದಲ್ಲಿರುತ್ತಾರೆ. ಅದು ಮುಗಿಯುತ್ತಲೇ ರೊಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಶುರು, ಕೆರೆ ನೀರೆಲ್ಲ ಅತ್ತ. ಮಾರ್ಚ್‌ನಲ್ಲಿ ಕಾಲಂಗಳಿಗೆ (ಕಾಂಕ್ರೀಟ್ ಕಂಬಗಳಿಗೆ) ಗೋಣಿತಾಟು ಸುತ್ತಿ ನೀರು ಹೊಡೆಯುವಾಗ ಮಾವನವರು ಎರಡು ದಿನ ನನ್ನ ಜೊತೆ ಮಾತೇ ಆಡಲಿಲ್ಲ. ಹೂವಿಗೂ ಕಾಲಂಗೂ ಒಂದೇ ಮೋಟಾರು. ಕೊನೆಗೆ ರಾತ್ರಿ ತೋಟಕ್ಕೆ, ಬೆಳಿಗ್ಗೆ ಆರರಿಂದ ಎಂಟು ಮನೆಗೆ ಅಂತ ಒಪ್ಪಂದ ಆಯ್ತು. ಬೆಂಗಳೂರಿನ ತಮ್ಮ ಮಾಡಿಕೊಟ್ಟ ಎಕ್ಸೆಲ್ ಪಟ್ಟಿಯಲ್ಲಿ ಕುಯ್ಲೂ ಇರಲಿಲ್ಲ, ಹೂವಿನ ನೀರೂ ಇರಲಿಲ್ಲ. ನಾನು ಗೋಡೆ ಕ್ಯಾಲೆಂಡರ್ ಮೇಲೆ ಪೆನ್ಸಿಲ್‌ನಲ್ಲಿ ಬರೆದುಕೊಂಡದ್ದೇ ಕೆಲಸಕ್ಕೆ ಬಂತು.

ಮೋಲ್ಡ್‌ಗೆ ಮೂರು ದಿನ ಮೊದಲು ಕಂಬಿ ಕಟ್ಟುವ ಕೆಲಸ ಮುಗಿಯಿತು. ಆವತ್ತು ಸಂಜೆ ಎಲ್ಲರೂ ಹೋದ ಮೇಲೆ ಮಗಳನ್ನು ಕರೆದುಕೊಂಡು ಏಣಿ ಹತ್ತಿದೆ. ಅವಳು ಟೇಪು ಹಿಡಿದಳು, ನಾನು ಎಣಿಸಿದೆ. ಹಾಲ್, ಅಡುಗೆಮನೆ ಸರಿ ಇತ್ತು. ಹಿಂದಿನ ಕೋಣೆಯಲ್ಲಿ ಎಣಿಸಿದರೆ 19 ಕಂಬಿ. ಹನ್ನೆರಡು ಅಡಿಗೆ ಆರಿಂಚಿಗೊಂದರಂತೆ 25 ಇರಬೇಕಿತ್ತು. ಎಂಟಿಂಚಿಗೆ ಒಂದರಂತೆ ಕಟ್ಟಿಬಿಟ್ಟಿದ್ದರು.

ಬೆಳಿಗ್ಗೆ ಹೇಳಿದೆ. ಮೇಸ್ತ್ರಿ, "ಟೀಚರೇ, ಸಣ್ಣ ಕೋಣೆ, ಎಂಟಿಂಚಾದ್ರೂ ಏನೂ ಆಗಲ್ಲ. ಎಷ್ಟು ಮನೆ ಕಟ್ಟಿಲ್ಲ ನಾವು?" ಅಂದರು.

"ಮೇಸ್ತ್ರಿಗಳೇ, ನೀವು ಕಟ್ಟಿದ ಮನೆಗಳ ಬಗ್ಗೆ ನಂಗೆ ಅನುಮಾನ ಇಲ್ಲ. ಡ್ರಾಯಿಂಗ್‌ನಲ್ಲಿ ಆರಿಂಚಿದೆ, ಆರೇ ಇರಲಿ."

ಸ್ವಲ್ಪ ಹೊತ್ತು ಸುಮ್ಮನಿದ್ದು, ಆರು ಕಂಬಿ ಕತ್ತರಿಸಿ, ಕಟ್ಟಿದ್ದನ್ನು ಬಿಚ್ಚಿ ಸಮವಾಗಿ ಸರಿಸಿ ಮತ್ತೆ ಕಟ್ಟಿಸಿದರು. ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಆ ಆರು ಕಂಬಿಗೆ ಆದ ಖರ್ಚು ನಮ್ಮ ಒಂದು ದಿನದ ಟೀ ತಿಂಡಿಗಿಂತ ಹೆಚ್ಚೇನಲ್ಲ. ಒಮ್ಮೆ ಕಾಂಕ್ರೀಟ್ ಮುಚ್ಚಿದರೆ 19 ಇದೆಯೋ 25 ಇದೆಯೋ ಯಾರಿಗೂ ಕಾಣುವುದಿಲ್ಲ. ನಾನು ಅಷ್ಟು ಹಠ ಮಾಡಿದ್ದು ಅದಕ್ಕೇ.

ಇನ್ನೊಂದು ಸಂಗತಿ ಎಂಜಿನಿಯರ್ ಬಂದ ದಿನ ಗೊತ್ತಾಯ್ತು. ಎರಡೂವರೆ ಅಡಿ ಹೊರಕ್ಕೆ ಚಾಚಿದ ಸಜ್ಜದ ಕಂಬಿ ತಳಕ್ಕೆ ಕೂತಿತ್ತು. ಕಟ್ಟಿದಾಗ ಮೇಲೇ ಇತ್ತು, ಓಡಾಡುವವರು ತುಳಿದು ತುಳಿದು ಇಳಿದುಬಿಟ್ಟಿತ್ತು. ಎಂಜಿನಿಯರ್ ತೋಟದಿಂದ ಒಂದು ತುಂಡು ಬಾಳೆದಿಂಡು ತರಿಸಿದರು. ಗೋಡೆಯ ಮೇಲೆ ಅರ್ಧ ಇಟ್ಟು ಒತ್ತಿಹಿಡಿದು, ಹೊರಗೆ ಚಾಚಿದ ತುದಿಯನ್ನು ಬೆರಳಿನಿಂದ ಅದುಮಿದರು. ಗೋಡೆ ಅಂಚಿನ ಹತ್ತಿರ ದಿಂಡಿನ ಮೇಲ್ಭಾಗ ಹರಿದು ಬಾಯಿಬಿಟ್ಟಿತು, ಕೆಳಭಾಗ ಮಾತ್ರ ಮಡಚಿಕೊಂಡಿತು. "ಎಳೆತ ಇರೋದು ಮೇಲ್ಗಡೆ. ಕಂಬಿ ಅಲ್ಲಿರಬೇಕು" ಅಂದರು. ಕೆಲಸದ ಹುಡುಗರೂ ಸುತ್ತ ನಿಂತು ನೋಡಿದರು. ನನ್ನ ತರಗತಿಯಲ್ಲಿ ಅಷ್ಟು ನಿಶ್ಶಬ್ದ ಕಂಡವಳಲ್ಲ ನಾನು. ಆಮೇಲೆ ಉಳಿದ ಕಂಬಿ ತುಂಡುಗಳನ್ನೇ ಬಗ್ಗಿಸಿ, ಮೇಲಿನ ಕಂಬಿಯನ್ನು ಎತ್ತಿ ಹಿಡಿಯುವ ಕುರ್ಚಿ ಮಾಡಿ ಮೂರಡಿಗೊಂದರಂತೆ ಕೂರಿಸಿದರು, ಓಡಾಡಲು ಹಲಗೆ ಹಾಕಿದರು. ಕಂಬಿ ತಳಕ್ಕೆ ತಾಗದಂತೆ ಕೆಳಗಿಡುವ ಕವರ್ ಬ್ಲಾಕ್ ಅಡಿಗಂಬಿಗೆ 20 ಎಂಎಂ, ಬೀಮಿಗೆ 25. ಜಲ್ಲಿಕಲ್ಲಿನ ಚೂರು ಇಡುವ ಅಭ್ಯಾಸವನ್ನು ಪಾಯದ ಹಂತದಲ್ಲೇ ಬಿಡಿಸಿದ್ದೆ.

ಏಪ್ರಿಲ್ 19. ಬೆಳಿಗ್ಗೆ ಪೂಜೆ ಮಾಡಿ, ಆರೂ ಮುಕ್ಕಾಲಿಗೆ ಲಿಫ್ಟ್ ಮಿಕ್ಸರ್ ಶುರು. ಐದಿಂಚು ಸ್ಲ್ಯಾಬ್ ಮತ್ತು ಬೀಮು ಸೇರಿ 109 ಮೂಟೆ ಸಿಮೆಂಟ್ ಅಂತ ಲೆಕ್ಕ ಹಾಕಿದ್ದೆ, 113 ಹೋಯಿತು. ಒಂದು, ಒಂದೂವರೆ, ಮೂರು: ಸಿಮೆಂಟು, ಎಂ ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು), ಜಲ್ಲಿ. ನನ್ನ ಜಾಗ ಮಿಕ್ಸರ್ ಪಕ್ಕದ ನೀರಿನ ಡ್ರಮ್. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456ರಲ್ಲಿ ಇಂಥ ಎಂ20 ಮಿಶ್ರಣಕ್ಕೆ 50 ಕೆಜಿ ಮೂಟೆಗೆ 30 ಲೀಟರ್ ಮೀರಬಾರದು ಅಂತಿದೆ. ನಾವು 25ಕ್ಕೆ ಇಟ್ಟುಕೊಂಡಿದ್ದೆವು, ಬಕೆಟ್ಟಿಗೆ ಕೆಂಪು ಪೇಂಟಿನ ಗೆರೆ ಎಳೆದಿದ್ದೆ. ಹಿಂದಿನ ಸಂಜೆ ಒಂದು ಹನಿ ಮಳೆಯಾಗಿ ಎಂ ಸ್ಯಾಂಡ್ ಒದ್ದೆಯಾಗಿತ್ತು, ಹಾಗಾಗಿ ಗೆರೆಗಿಂತ ಎರಡು ಬೆರಳು ಕೆಳಗೇ ನಿಲ್ಲಿಸಿದೆ. ಹನ್ನೊಂದು ಗಂಟೆಯ ಬಿಸಿಲಿಗೆ ಮೇಲಿನಿಂದ "ನೀರು ಜಾಸ್ತಿ ಬಿಡ್ರೋ, ಎಳೆಯೋಕಾಗ್ತಿಲ್ಲ" ಅಂತ ಕೂಗು. ನೀರು ಜಾಸ್ತಿ ಹಾಕಿದರೆ ಹರಡಲು ಸುಲಭ, ಆದರೆ ಆ ನೀರು ಆರಿದ ಮೇಲೆ ಒಳಗೆ ಸಣ್ಣ ಸಣ್ಣ ತೂತು ಉಳಿಯುತ್ತವೆ, ಮಲೆನಾಡಿನ ಮಳೆ ಅದರಲ್ಲೇ ಇಳಿಯುತ್ತದೆ. ನೀರು ಬಿಡಲಿಲ್ಲ. ಬದಲಿಗೆ ಕಾಂಕ್ರೀಟನ್ನು ಅಲುಗಿಸಿ ಕೂರಿಸುವ ವೈಬ್ರೇಟರ್ ಹಿಡಿಯಲು ಇನ್ನೊಬ್ಬರನ್ನು ಹಾಕಿದೆವು. ಪೆಟ್ರೋಲ್ ವೈಬ್ರೇಟರ್. ಫೆಬ್ರವರಿಯಲ್ಲಿ ಕರೆಂಟ್ ಹೋಗಿ ಒಂದು ಕಾಲಂ ಬುಡದಲ್ಲಿ ಜೇನುಗೂಡಿನ ಹಾಗೆ ಜಲ್ಲಿ ಎದ್ದು, ಅದನ್ನು ಕೆತ್ತಿ ತೆಗೆದು ಮತ್ತೆ ತುಂಬಿದ್ದು ನೆನಪಿದೆಯಲ್ಲ, ಆವತ್ತಿನಿಂದ ಕರೆಂಟಿನದ್ದು ಬೇಡ ಅಂತ ಮಾಡಿದ್ದು.

ನಾಲ್ಕು ಗಂಟೆಗೆ ಮುಗಿಯಿತು. ಎಲ್ಲರಿಗೂ ಕೋಳಿ ಸಾರು, ಅಕ್ಕಿ ರೊಟ್ಟಿ. ಅತ್ತೆ ಸ್ವತಃ ನಿಂತು ಬಡಿಸಿದರು.

ಮಾರನೇ ದಿನ ಗಾರೆಯಲ್ಲಿ ಕಟ್ಟೆ ಕಟ್ಟಿ ನೀರು ನಿಲ್ಲಿಸಿದೆವು. ಎರಡಿಂಚು ನಿಲ್ಲಲು 4,000 ಲೀಟರ್ ಹತ್ತಿರ ಬೇಕಾಯ್ತು. ನಮ್ಮದು ಪಿಪಿಸಿ, ಅಂದರೆ ಹಾರುಬೂದಿಯಂಥದ್ದು ಬೆರೆತ ಸಿಮೆಂಟ್, ಅದಕ್ಕೆ ಕಡಿಮೆ ಅಂದರೂ ಹತ್ತು ದಿನ ಕ್ಯೂರಿಂಗ್ (ನೀರಿನಲ್ಲಿ ನೆನೆಸಿಡುವುದು) ಬೇಕು. ನಾವು ಹದಿನಾಲ್ಕು ಮಾಡಿದೆವು. ಮೋಲ್ಡ್ ಹಾಕಿದ ದಿನ ಪರೀಕ್ಷೆಗೆಂದು ತೆಗೆದಿಟ್ಟ ಆರು ಕಾಂಕ್ರೀಟ್ ಕ್ಯೂಬ್‌ಗಳಲ್ಲಿ ಮೂರು ಏಳನೇ ದಿನ ಹಾಸನದ ಲ್ಯಾಬಿಗೆ ಹೋಗಿ, ಸರಾಸರಿ ಬಲ ಚದರ ಮಿಲಿಮೀಟರಿಗೆ 14.2 ನ್ಯೂಟನ್ ಬಂತು. ಉಳಿದ ಮೂರು 28ನೇ ದಿನಕ್ಕೆ 20 ದಾಟಬೇಕು.

ಜಗಳ ಆದದ್ದು ಎಂಟನೇ ದಿನ. ಸೆಂಟ್ರಿಂಗ್‌ನವರಿಗೆ ಇನ್ನೊಂದು ಕಡೆ ಕೆಲಸ, ಮೋಲ್ಡ್ ಕೆಳಗೆ ಆಸರೆ ಕೊಟ್ಟ ಜಾಕು ಬಿಚ್ಚುತ್ತೇವೆ ಅಂತ ಬಂದೇಬಿಟ್ಟರು. ನಾಲ್ಕೂವರೆ ಮೀಟರ್ ಒಳಗಿನ ಸ್ಲ್ಯಾಬಿಗೆ ಏಳು ದಿನ ಸಾಕು, ಅದು ನಿಜ. ಆದರೆ ಹಾಲಿನ ಬೀಮು 16 ಅಡಿ, ಬೀಮಿನ ಆಸರೆಗೆ ಹದಿನಾಲ್ಕು ದಿನ. ಕೋಣೆಗಳ ಶೀಟು ಬಿಚ್ಚಿಕೊಳ್ಳಿ, ಹಾಲಿನ ಕಡೆ ಕೈ ಹಾಕಬೇಡಿ ಅಂದೆ. ಬಾಡಿಗೆ ಜಾಸ್ತಿಯಾಗುತ್ತೆ ಅಂದರು, ಕೊಡುತ್ತೇನೆ ಅಂದೆ. ಆಗ ಮೇಸ್ತ್ರಿ ನನ್ನ ಪರ ನಿಂತದ್ದು ನನಗೆ ದೊಡ್ಡ ಧೈರ್ಯ. "ಟೀಚರ್ ಲೆಕ್ಕ ಸರಿ ಇದೆ, ಆ ಬೀಮು ಬಿಡಿ" ಅಂತ ಅವರೇ ಹೇಳಿ ಕಳಿಸಿದರು.

ನಿನ್ನೆ, ಮೇ 3ಕ್ಕೆ, ಹಾಲಿನ ಜಾಕು ಬಿಚ್ಚಿದರು. ನಡುವಿನಿಂದ ಶುರುಮಾಡಿ ಎರಡೂ ತುದಿಗೆ. ಬೀಮಿನ ತಳಕ್ಕೆ ದಾರ ಹಿಡಿದು ನೋಡಿದೆ, ಬಾಗು ಕಾಣಲಿಲ್ಲ.

ರಾತ್ರಿ ಭರಣಿ ಜೋರಾಗಿಯೇ ಹೊಡೆಯಿತು. ನನ್ನ ಜೀವ ಮೋಲ್ಡ್ ಮೇಲಿರಲಿಲ್ಲ, ಹಿಂದಿನ ಬರೆ (ಗುಡ್ಡ ಕಡಿದಲ್ಲಿ ಗೋಡೆಯಂತೆ ನಿಂತ ಮಣ್ಣು) ಮೇಲಿತ್ತು. 2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನ ಗುಡ್ಡಗಳು ಜರಿದದ್ದು ಕಂಡವರಿಗೆ ಮನೆ ಹಿಂದಿನ ಬರೆ ಬರೀ ಮಣ್ಣಲ್ಲ. ಅದಕ್ಕೇ ಒಂಬತ್ತಡಿಯನ್ನು ಒಂದೇ ಸಲ ಕಡಿಯದೆ ಎರಡು ಮೆಟ್ಟಿಲು ಮಾಡಿಸಿ, ಮೇಲೆ ನೀರು ತಿರುಗಿಸಲು ಚರಂಡಿ ಹೊಡೆಸಿ, ಕಲ್ಲಿನ ತಡೆಗೋಡೆಯಲ್ಲಿ ಐದಡಿಗೊಂದರಂತೆ ಮೂರಿಂಚಿನ ಪೈಪು ಇಡಿಸಿದ್ದು. ಪ್ರತಿ ಪೈಪಿನ ಹಿಂದೆ ಜಲ್ಲಿ ತುಂಬಿಸುವಾಗ ನಾನೇ ನಿಂತಿದ್ದೆ. ಗೋಡೆ ಹಿಂದೆ ನೀರು ನಿಂತರೆ ಅದರ ಒತ್ತಡವೇ ಗೋಡೆಯನ್ನು ತಳ್ಳುತ್ತದೆ.

ಹನ್ನೊಂದು ಗಂಟೆಗೆ ಟಾರ್ಚ್ ಹಿಡಿದು, ಮಗಳ ರೇನ್‌ಕೋಟ್ ತಲೆಗೆ ಹಾಕಿಕೊಂಡು ಹೋದೆ. ಪೈಪುಗಳಿಂದ ಕೆಂಪು ನೀರು ಬರುತ್ತಿತ್ತು. ಬೆಳಿಗ್ಗೆ ಆರಕ್ಕೆ ಮತ್ತೆ ಹೋಗಿ ಅಂಗೈ ಒಡ್ಡಿದರೆ ತಿಳಿ ನೀರು, ಮಣ್ಣಿನ ಕಣ ಇರಲಿಲ್ಲ. ಒಂಬತ್ತರಲ್ಲಿ ಏಳು ಹರಿಯುತ್ತಿದ್ದವು. ದನದ ಕೊಟ್ಟಿಗೆ ಕಡೆಯ ಎರಡು ಒಣಗಿದ್ದವು. ಅಲ್ಲಿ ನೀರೇ ಇಲ್ಲವೋ, ಪೈಪಿನ ಬಾಯಿಗೆ ಗಾರೆ ಬಿದ್ದು ಕಟ್ಟಿಕೊಂಡಿದೆಯೋ, ಉದ್ದದ ಕಂಬಿ ತೂರಿಸಿ ನೋಡಬೇಕು. ಮೇಸ್ತ್ರಿಗೆ ಫೋನ್ ಮಾಡಿದ್ದೇನೆ, ಟ್ರಸ್‌ನವರು ಅಳತೆಗೆ ಬರುವ ಮೊದಲು ನಾಳೆ ಏಳಕ್ಕೇ ಬರುತ್ತೇನೆ ಅಂದಿದ್ದಾರೆ.